ಕಲ್ಲಿನ ಮೇಲಿನ ಹೆಸರು



ನಮ್ಮ ಕಡೆ ಊರುಗಳಲ್ಲಿ ವೀರಗಲ್ಲು ನೋಡಿದ್ದೀರಲ್ಲವೆ? ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವರ ನೆನಪಿನ ಕಲ್ಲು ಅದು. ಕತ್ತಿ ಹಿಡಿದ ವೀರನ ಚಿತ್ರ ಇರುತ್ತದೆ. ಆದರೆ ಎಷ್ಟೋ ಕಲ್ಲುಗಳ ಮೇಲೆ ಅಕ್ಷರ ಇಲ್ಲ. ಆ ವೀರನ ಹೆಸರೇನು? ಯಾರ ಮಗ? ನಮಗೆ ತಿಳಿಯದು.

ಹೆಸರು ಬರೆದ ಸೈನಿಕರ ಕಲ್ಲುಗಳನ್ನು ನಾವು ಚೆನ್ನೈನಲ್ಲಿ ನೋಡಿದೆವು. ಶಾಲೆ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಶಾಲೆಯಲ್ಲಿ ಅಡುಗೆ ಮಾಡುವ ಅಕ್ಕನೂ ಬಂದಿದ್ದರು. ಅವರು ನಿಮ್ಮ ಹಾಗೇ ದೊಡ್ಡವರಾದ ಮೇಲೆ ಓದು ಕಲಿತವರು.

ಚೆನ್ನೈನ ನಂದಂಬಾಕ್ಕಂನಲ್ಲಿ ಸೈನಿಕರ ಸ್ಮಶಾನ ಇದೆ. ಸ್ಮಶಾನ ಅಂದ ಕೂಡಲೆ ಮಕ್ಕಳು ಹೆದರಿದರು. ಒಳಗೆ ಹೋದರೆ ಹಸಿರು ಹುಲ್ಲು, ಸಾಲು ಸಾಲು ಕಲ್ಲು. ಮಕ್ಕಳ ಹೆದರಿಕೆ ಹೋಯಿತು.

1939ರಿಂದ 1945ರವರೆಗೆ ಎರಡನೆಯ ಮಹಾಯುದ್ಧ ನಡೆಯಿತು. ಆಗ ಸತ್ತ ಸೈನಿಕರ ಗೋರಿಗಳು ಬೇರೆ ಬೇರೆ ಊರುಗಳಲ್ಲಿ ಇದ್ದವು. ಅಲ್ಲೆಲ್ಲ ಅವನ್ನು ನೋಡಿಕೊಳ್ಳುವುದು ಕಷ್ಟವಾಗಿತ್ತು. 1952ರಲ್ಲಿ ಈ ಜಾಗ ಸಿದ್ಧಪಡಿಸಿ, ಅವರನ್ನು ಇಲ್ಲಿಗೆ ತಂದು ಮಣ್ಣು ಮಾಡಿದರು. ಆ ಯುದ್ಧದ 856 ಜನ ಇಲ್ಲಿ ಮಲಗಿದ್ದಾರೆ.

"ಆಫೀಸರ್‌ಗೆ ದೊಡ್ಡ ಕಲ್ಲು ಇಲ್ವಾ ಮಿಸ್?" ಎಂದು ಒಬ್ಬ ಹುಡುಗ ಕೇಳಿದ.

ಇಲ್ಲ. ದೊಡ್ಡ ಅಧಿಕಾರಿ ಆಗಲಿ, ಸಿಪಾಯಿ ಆಗಲಿ, ಕಲ್ಲಿನಲ್ಲಿ ಭೇದ ಇಲ್ಲ. ಅದು ಅಲ್ಲಿನ ನಿಯಮ.

ಕಲ್ಲಿನ ಮೇಲೆ ಇಂಗ್ಲಿಷ್ ಅಕ್ಷರ. ಅಕ್ಕನಿಗೆ ಹೆಸರು ಓದಲು ಬರಲಿಲ್ಲ. ಆದರೆ ಅಂಕಿ ಬರುತ್ತಿತ್ತು.

"ಇದು ಇಪ್ಪತ್ತೆರಡು. ಇದು ಇಪ್ಪತ್ತು. ಇದೇನು ಮಿಸ್, ನಂಬರಾ?" ಎಂದರು.

"ಅದು ಸತ್ತಾಗಿನ ವಯಸ್ಸು ಅಕ್ಕ," ಎಂದೆವು.

ಅಕ್ಕ ಸುಮ್ಮನಾದರು. ಇನ್ನೂ ನಾಲ್ಕು ಕಲ್ಲು ಓದಿದರು. ಆಮೇಲೆ ಹೇಳಿದರು: "ನನ್ನ ಮಗನಿಗೆ ಇಪ್ಪತ್ತೊಂದು. ಮಿಲಿಟರಿಗೆ ಸೇರ್ತೀನಿ ಅಂತಾನೆ. ಈ ಹುಡುಗರ ಅಮ್ಮಂದಿರು ಇಲ್ಲಿಗೆ ಬಂದು ನೋಡಿದ್ರಾ?"

ಸಮುದ್ರದಾಚೆಯಿಂದ ಬಂದ ಸೈನಿಕರೂ ಇವರಲ್ಲಿ ಇದ್ದಾರೆ. ಎಷ್ಟೋ ತಾಯಂದಿರಿಗೆ ಬರಲು ಆಗಲಿಲ್ಲ. ಆದರೆ ಮನೆಯವರು ಬರೆದು ಕಳಿಸಿದ ಒಂದು ಮಾತನ್ನು ಕಲ್ಲಿನ ಮೇಲೆ ಕೆತ್ತಿಸಲು ಅವಕಾಶ ಇತ್ತು. ತಾಯಿ ಬರಲಾಗದ ಕಡೆಗೆ ಅವಳ ಮಾತು ಬಂತು.

ಹಿಂಬದಿಯಲ್ಲಿ ಇನ್ನೊಂದು ಸ್ಮಾರಕ ಇದೆ. ಅದು 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದ್ದು. ಅದರಲ್ಲಿ ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅವರ ಗೋರಿಗಳು ದೇಶದ ಬೇರೆ ಊರುಗಳಲ್ಲಿದ್ದವು. ಗೋರಿ ಕಾಪಾಡಲು ಆಗಲಿಲ್ಲ. ಹೆಸರನ್ನಾದರೂ ಕಾಪಾಡಿದರು.

ಯುದ್ಧದಲ್ಲಿ ಇಷ್ಟು ಜನ ಸತ್ತರು ಎಂದು ಲೆಕ್ಕ ಹೇಳುವುದು ಸುಲಭ. ಒಂದೊಂದೇ ಹೆಸರು, ಒಂದೊಂದೇ ವಯಸ್ಸು ಓದಿದಾಗ ಒಂದೊಂದು ಮನೆಯ ದುಃಖ ತಿಳಿಯುತ್ತದೆ. ಬರೆದಿಟ್ಟ ಹೆಸರು ಬೇಗ ಅಳಿಯುವುದಿಲ್ಲ.

ಮಾತಾಡೋಣ
1. ಎಲ್ಲರಿಗೂ ಒಂದೇ ಬಗೆಯ ಕಲ್ಲು ಏಕೆ ಇಟ್ಟರು?
2. ನಿಮ್ಮ ಊರಿನಲ್ಲಿ ವೀರಗಲ್ಲು ಇದೆಯೆ? ಅದರ ಮೇಲೆ ಅಕ್ಷರ ಇದೆಯೆ?

ಬರೆಯೋಣ
ನಿಮ್ಮ ತಾಯಿಯ ಹೆಸರು ಬರೆಯಿರಿ. ಅಜ್ಜಿಯ ಹೆಸರು ಬರೆಯಿರಿ. ಅಜ್ಜಿಯ ತಾಯಿಯ ಹೆಸರು ಗೊತ್ತೆ? ಮನೆಯ ಹಿರಿಯರನ್ನು ಕೇಳಿ ಬರೆದಿಡಿ.