ಮೈನಸ್ಸನ್ನು ಹಗುರವಾಗಿ ಕಾಣಬೇಡಿ

ಆರು, ಏಳನೇ ತರಗತಿಯ ಮಕ್ಕಳಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುವ ತಾಯಂದಿರು, ತಂದೆಯಂದಿರು ಇದನ್ನು ಸ್ವಲ್ಪ ಕೇಳಿ. ಪೂರ್ಣಾಂಕಗಳ ಪಾಠ ಬಂದ ಕೂಡಲೇ ನೀವು ‘ಮೈನಸ್ಸು ಮೈನಸ್ಸು ಪ್ಲಸ್ಸು’ ಎಂದು ಬಾಯಿಪಾಠ ಮಾಡಿಸಿ ಎದ್ದುಬಿಡುತ್ತೀರಿ. ಅದನ್ನೇ ನಂಬಿದ ಮಗು −3ಕ್ಕೆ −4 ಕೂಡಿಸಿ 7 ಎಂದು ಬರೆಯುತ್ತದೆ. ಆಮೇಲೆ ಮಗುವನ್ನು ಗದರಿದರೆ ಏನು ಬಂತು? ಅರ್ಧ ಹೇಳಿಕೊಟ್ಟವರು ನೀವೇ ಅಲ್ಲವೇ?

ಮೊದಲು ಸಾಲದ ಲೆಕ್ಕ ಹಿಡಿಯಿರಿ. 628ರಲ್ಲಿ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಪ್ಲಸ್ಸು, ಮೈನಸ್ಸು ಸಂಖ್ಯೆಗಳ ನಿಯಮಗಳನ್ನು ಧನ, ಋಣ ಎಂದೇ ಹೇಳಿದ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ‘ಗಣಿತಸಾರಸಂಗ್ರಹ’ದಲ್ಲಿ ಅವನ್ನು ವಿವರಿಸಿದ್ದಾನೆ. ಒಂದು ಅಂಗಡಿಯಲ್ಲಿ 3 ರೂಪಾಯಿ ಸಾಲ, ಇನ್ನೊಂದರಲ್ಲಿ 4 ಇದ್ದರೆ ಒಟ್ಟು ಸಾಲ 7. ಹಾಗಾಗಿ ಉತ್ತರ −7. ಕೈಯಲ್ಲಿ 5 ಇದ್ದು ಸಾಲ 8 ಇದ್ದರೆ, ಇದ್ದದ್ದೆಲ್ಲ ಕೊಟ್ಟ ಮೇಲೂ 3 ಬಾಕಿ, ಅಂದರೆ −3. 4 ರೂಪಾಯಿ ಸಾಲ ಮನ್ನಾ ಆದರೆ ನಿಮ್ಮ ಲೆಕ್ಕ 4 ಮೇಲೇರುತ್ತದೆ. −4 ಕಳೆಯುವುದೂ 4 ಕೂಡುವುದೂ ಒಂದೇ ಎಂಬುದು ಆಗ ಮಗುವಿಗೆ ತಾನಾಗಿ ಹೊಳೆಯುತ್ತದೆ.

ಎರಡನೆಯದಾಗಿ, ಸಂಖ್ಯಾರೇಖೆಯನ್ನು ಮಗುವಿನ ಕೈಯಲ್ಲೇ ಬರೆಸಿ. ನಡುವೆ ಸೊನ್ನೆ, ಬಲಕ್ಕೆ ಧನ, ಎಡಕ್ಕೆ ಋಣ. ಸೊನ್ನೆ ಎರಡೂ ಅಲ್ಲ. ರೇಖೆಯಲ್ಲಿ ಬಲಕ್ಕಿರುವುದೇ ದೊಡ್ಡದು, ಆದ್ದರಿಂದ −7 ಎಂಬುದು −3ಕ್ಕಿಂತ ಚಿಕ್ಕದು. ‘ಏಳು ದೊಡ್ಡದಲ್ಲವೇ’ ಎಂದು ಮಗು ಕೇಳಿದರೆ ಬಾಯಿ ಮುಚ್ಚಿಸಬೇಡಿ, ರೇಖೆಯ ಮೇಲೆ ಬೆರಳಿಟ್ಟು ತೋರಿಸಿ.

ಗುಣಾಕಾರಕ್ಕೆ ಬರುವುದು ಇದೆಲ್ಲ ಗಟ್ಟಿಯಾದ ಮೇಲೆಯೇ. 2 × (−3) = −6, 1 × (−3) = −3, 0 × (−3) = 0 ಎಂದು ಒಂದರ ಕೆಳಗೊಂದು ಬರೆಸಿ. ಪ್ರತಿ ಸಾಲಿನಲ್ಲೂ ಉತ್ತರ 3 ಹೆಚ್ಚುತ್ತಿದೆ. ಮುಂದಿನ ಸಾಲು (−1) × (−3). ಅದರ ಉತ್ತರ 3 ಎಂದು ಮಗುವೇ ಹೇಳಲಿ. ಎರಡು ಮೈನಸ್ಸು ಪ್ಲಸ್ಸಾಗುವ ನಿಯಮ ಗುಣಾಕಾರ, ಭಾಗಾಕಾರಕ್ಕೆ ಸೇರಿದ್ದು. ಕೂಡುವ ಲೆಕ್ಕಕ್ಕೆ ಅದನ್ನು ಎಳೆದು ತರಬೇಡಿ.

ಬರವಣಿಗೆಯಲ್ಲೂ ಶಿಸ್ತು ಬೇಕು. ಎರಡು ಚಿಹ್ನೆ ಅಕ್ಕಪಕ್ಕ ಬಂದರೆ ಆವರಣ ಹಾಕಿಸಿ: 6 − (−2) = 8. ಒಂದು ಸಾಲಿನಿಂದ ಇನ್ನೊಂದಕ್ಕೆ ಇಳಿಸುವಾಗ ಮೈನಸ್ಸು ಬಿಟ್ಟುಹೋಗುವುದೇ ಹೆಚ್ಚು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಬರೆದದ್ದನ್ನು ಇನ್ನೊಮ್ಮೆ ನೋಡುವ ರೂಢಿ ಮಾಡಿಸಿ. ಲೆಕ್ಕಕ್ಕೆ ಕೈ ಹಾಕುವ ಮೊದಲು ‘ಉತ್ತರ ಸೊನ್ನೆಯ ಯಾವ ಕಡೆ ಬರುತ್ತದೆ?’ ಎಂದು ಕೇಳಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮುಂದೆ ಬರುವ ಬೀಜಗಣಿತದಲ್ಲಿ ಹೆಜ್ಜೆ ಹೆಜ್ಜೆಗೂ ಈ ಚಿಹ್ನೆಗಳದ್ದೇ ಕೆಲಸ. ಆದ್ದರಿಂದ ದಿನಕ್ಕೆ ನಾಲ್ಕೇ ಲೆಕ್ಕ ಮಾಡಿಸಿದರೂ ಸಾಕು, ಪ್ರತಿಯೊಂದಕ್ಕೂ ‘ಹೇಗೆ ಬಂತು, ಹೇಳು’ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.