ಟಾನಿಕ್‌ಗೆ ಜಗ್ಗದ ರಕ್ತಹೀನತೆ

ಮಗು ಬಿಳಿಚಿಕೊಂಡಿದೆ ಎಂದರೆ ನಮ್ಮಲ್ಲಿ ಮೊದಲು ಮನೆಗೆ ಬರುವುದು ಕಬ್ಬಿಣಾಂಶದ ಟಾನಿಕ್. ಇದರಲ್ಲಿ ತಪ್ಪಿಲ್ಲ, ಮಕ್ಕಳ ರಕ್ತಹೀನತೆಗೆ ಕಬ್ಬಿಣಾಂಶದ ಕೊರತೆಯೇ ಮುಖ್ಯ ಕಾರಣ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು 1 ಗ್ರಾಂನಷ್ಟಾದರೂ ಏರಬೇಕು. ಏರದಿದ್ದರೆ? ಬೇರೆ ಹೆಸರಿನ ಮತ್ತೊಂದು ಸೀಸೆ ತರುವುದಲ್ಲ, ಕಾರಣ ಹುಡುಕಬೇಕು. ಮಕ್ಕಳ ರಕ್ತರೋಗ ತಜ್ಞರ ಅಗತ್ಯ ಬೀಳುವುದು ಇಂಥ ಸಂದರ್ಭದಲ್ಲಿ.

ಇವರು ಮಕ್ಕಳ ವೈದ್ಯಶಾಸ್ತ್ರ ಓದಿ, ಅನಂತರ ರಕ್ತದ ಕಾಯಿಲೆಗಳಲ್ಲಿ ವಿಶೇಷ ತರಬೇತಿ ಪಡೆದವರು. ರಕ್ತದ ಕ್ಯಾನ್ಸರನ್ನೂ ಸಾಮಾನ್ಯವಾಗಿ ಇವರೇ ನೋಡುವುದರಿಂದ, ಅವರಲ್ಲಿಗೆ ಕಳಿಸಿದರೆಂದೊಡನೆ ಮನೆಯವರು ಗಾಬರಿಯಾಗುತ್ತಾರೆ. ಅವರ ಬಳಿ ಬರುವ ಮಕ್ಕಳಲ್ಲಿ ಕ್ಯಾನ್ಸರ್ ಅಲ್ಲದ ಕಾಯಿಲೆಯವರೂ ಅನೇಕರಿರುತ್ತಾರೆ.

ಉದಾಹರಣೆಗೆ ಥಲಸೀಮಿಯಾ. ಈ ಮಗು ಹುಟ್ಟುವಾಗ ಗುಂಡುಗುಂಡಾಗಿಯೇ ಇರುತ್ತದೆ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಆರು ತಿಂಗಳ ಹೊತ್ತಿಗೆ ಕಡಿಮೆಯಾಗುತ್ತದೆ. ಅದರ ಜಾಗಕ್ಕೆ ಬರಬೇಕಾದದ್ದು ಬರುವುದಿಲ್ಲ. ಮಗು ಬಿಳಿಚುತ್ತದೆ, ಗುಲ್ಮ ದೊಡ್ಡದಾಗಿ ಹೊಟ್ಟೆ ಉಬ್ಬುತ್ತದೆ. ತೀವ್ರ ಬಗೆಯಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಪ್ರತಿ ಬಾಟಲಿ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಹೃದಯ, ಯಕೃತ್ತುಗಳಲ್ಲಿ ಕೂಡಿಕೊಳ್ಳುತ್ತದೆ. ಕಬ್ಬಿಣ ಇಳಿಸುವ ಔಷಧಿ ಕೊಡಬೇಕಾದ ಇಂಥ ಮಗುವಿಗೆ ನಾವು ಕಬ್ಬಿಣದ ಟಾನಿಕ್ ಕುಡಿಸುತ್ತಿದ್ದರೆ ಏನಾದೀತು!

ತಂದೆತಾಯಿ ಇಬ್ಬರೂ ಈ ದೋಷದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. 'ಮೊದಲನೆಯದಕ್ಕೆ ಬಂತು, ಇನ್ನು ಮೂವರಿಗೆ ಬರುವುದಿಲ್ಲ' ಎಂಬ ಲೆಕ್ಕ ನಡೆಯದು. ವಾಹಕರು ಆರೋಗ್ಯವಾಗಿಯೇ ಇರುವುದರಿಂದ ಪರೀಕ್ಷಿಸದ ಹೊರತು ತಿಳಿಯುವುದಿಲ್ಲ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಮನೆಗಳಲ್ಲಿ ಜಾತಕದೊಂದಿಗೆ ಈ ರಕ್ತಪರೀಕ್ಷೆಯನ್ನೂ ನೋಡುವುದು ಮೇಲು. ಬಸಿರಾದ ಮೇಲಾದರೂ ಮೂರನೇ ತಿಂಗಳೊಳಗೆ ಮಾಡಿಸಬೇಕು.

ಅಂಬೆಗಾಲಿಡುವ ಗಂಡುಮಗುವಿನ ಮೊಣಕಾಲು ಪದೇಪದೇ ಊದಿದರೆ ಹಿಮೋಫಿಲಿಯಾ ಇದೆಯೇ ನೋಡಬೇಕು. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇಂಥ ಮಕ್ಕಳಿಗಾಗಿ ಬಹಳ ದುಡಿದಿದೆ. ಥಲಸೀಮಿಯಾ, ಹಿಮೋಫಿಲಿಯಾ ಎರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿವೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಬಿಳಿಚುವುದರ ಜೊತೆಗೆ ಬಿಡದ ಜ್ವರ, ಮೂಳೆನೋವು, ಚರ್ಮದ ಮೇಲೆ ಕೆಂಪು ಚುಕ್ಕೆಗಳು ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ. ಆಸ್ಪಿರಿನ್ ಕೊಡಬೇಡಿ.

ತಜ್ಞರ ಬಳಿ ಹೋಗುವಾಗ ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೆಲ್ಲ ಒಯ್ಯಿರಿ. ಇನ್ನೊಂದು ಮಾತು. ರಕ್ತ ಹಾಕಬೇಕೆಂದು ವೈದ್ಯರು ಹೇಳಿದರೆ, ಪರೀಕ್ಷೆಗೆ ಬೇಕಾದ ಮಾದರಿಯನ್ನು ಮೊದಲೇ ತೆಗೆದಿಡುವಂತೆ ಕೇಳಿ. ಒಮ್ಮೆ ಹಾಕಿಸಿದ ಮೇಲೆ ಮಗುವಿನ ಸ್ವಂತ ರಕ್ತದ ದೋಷ ಗುರುತಿಸಲು ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕಾಗುತ್ತದೆ.