ಒಂದೇ ಹೆಸರಿನ ಮೂವರು ದುಬ್ವಾ

ಮಕ್ಕಳೇ, ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಅಂಗಡಿ, ತೋಟದ, ಹಿರೇಮಠ ಎಂಬ ಅಡ್ಡಹೆಸರುಗಳು ಇವೆಯೇ? ಇಬ್ಬರು ‘ಅಂಗಡಿ’ ಇದ್ದರೆ ಅವರು ನೆಂಟರೇ ಆಗಿರಬೇಕೆಂದಿಲ್ಲ. ಎರಡು ಬೇರೆ ಊರುಗಳಲ್ಲಿ ಎರಡು ಮನೆತನದವರು ಅಂಗಡಿ ಇಟ್ಟಿದ್ದಿರಬಹುದು. (ಬೆಂಗಳೂರಿನ ಪಶ್ಚಿಮಕ್ಕಿರುವ ನಮ್ಮ ಮೂಡಲಪಾಳ್ಯದ ಹೆಸರಿನಲ್ಲಿ ‘ಮೂಡಲು’ ಇದೆ, ನೋಡಿದಿರಾ? ದಿಕ್ಕು ಯಾವುದೆಂಬುದು ಹೆಸರಿಟ್ಟವರು ನಿಂತ ಜಾಗವನ್ನು ಅವಲಂಬಿಸಿದೆ.)

ಫ್ರಾನ್ಸಿನಲ್ಲಿಯೂ ಹೀಗೆಯೇ. ಅಲ್ಲಿ ‘ಬ್ವಾ’ ಎಂದರೆ ಕಾಡು. ಕಾಡಿನ ಅಂಚಿನಲ್ಲಿ ವಾಸವಾಗಿದ್ದವರಿಗೆ ‘ದುಬ್ವಾ’, ಅಂದರೆ ‘ಕಾಡಿನವರು’ ಎಂಬ ಹೆಸರು ಬಂತು. ಕಾಡುಗಳು ಅನೇಕ; ಹಾಗಾಗಿ ದುಬ್ವಾಗಳೂ ಅನೇಕ. ಅವರಲ್ಲಿ ಒಬ್ಬರು ನಮ್ಮ ಶ್ರೀರಂಗಪಟ್ಟಣಕ್ಕೆ ಬಂದಿದ್ದರು.

ಅವರೇ ಅಬ್ಬೆ ದುಬ್ವಾ. ‘ಅಬ್ಬೆ’ ಎಂದರೆ ಫ್ರೆಂಚ್ ಭಾಷೆಯಲ್ಲಿ ಪಾದ್ರಿ. 1792ರಲ್ಲಿ ಭಾರತಕ್ಕೆ ಬಂದ ಇವರು, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಮೈಸೂರು ಸೀಮೆಯಲ್ಲಿ ನೆಲೆಸಿದರು. ಇಲ್ಲಿಯವರಂತೆಯೇ ಉಡುಗೆ ತೊಟ್ಟರು, ಮಾಂಸಾಹಾರ ಬಿಟ್ಟರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎನ್ನುತ್ತಿದ್ದರು.

ಆಗ ಸಿಡುಬು ಎಂಬ ಭೀಕರ ರೋಗವಿತ್ತು. ಹಳ್ಳಿಗಳಲ್ಲಿ ಅದನ್ನು ಮೈಲಿ ಬೇನೆ ಎನ್ನುತ್ತಿದ್ದರು. ರೋಗ ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಉಳಿದವರ ಮುಖದಲ್ಲಿ ಕಲೆ ಉಳಿಯುತ್ತಿತ್ತು; ಕೆಲವರ ಕಣ್ಣೇ ಹೋಗುತ್ತಿತ್ತು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್, ಹಸುವಿಗೆ ಬರುವ ಸೌಮ್ಯವಾದ ಸಿಡುಬಿನ ಕೀವನ್ನು ಮನುಷ್ಯನ ತೋಳಿಗೆ ಗೀರಿದರೆ ದೊಡ್ಡ ಸಿಡುಬು ಬರುವುದಿಲ್ಲ ಎಂದು ತೋರಿಸಿದರು. ಆದರೆ ಅದನ್ನು ಭಾರತಕ್ಕೆ ತರುವುದು ಹೇಗೆ? ಐಸ್ ಪೆಟ್ಟಿಗೆ ಇರಲಿಲ್ಲ. ಬಿಸಿಲಿಗೆ ಕೀವು ಕೆಡುತ್ತಿತ್ತು. ಅದಕ್ಕೊಂದು ಉಪಾಯ ಮಾಡಿದರು. ಲಸಿಕೆ ಹಾಕಿದ ಏಳೆಂಟು ದಿನಕ್ಕೆ ತೋಳಿನಲ್ಲಿ ಗುಳ್ಳೆ ಏಳುತ್ತದೆ. ಅದರ ರಸವನ್ನು ಇನ್ನೊಬ್ಬರ ತೋಳಿಗೆ ಹಾಕುವುದು, ಅವರಿಂದ ಮತ್ತೊಬ್ಬರಿಗೆ. ಹೀಗೆ ತೋಳಿನಿಂದ ತೋಳಿಗೆ ಸಾಗಿ, ಬಾಗ್ದಾದ್, ಬಸ್ರಾ ದಾಟಿ 1802ರ ಜೂನ್‌ನಲ್ಲಿ ಲಸಿಕೆ ಮುಂಬಯಿ ತಲುಪಿತು. ಅಲ್ಲಿ ಅದನ್ನು ಮೊದಲು ಪಡೆದದ್ದು ಮೂರು ವರ್ಷದ ಒಂದು ಹುಡುಗಿ! ಸರಪಳಿಯ ಒಂದು ಕೊಂಡಿ ತಪ್ಪಿದರೂ ಎಲ್ಲವೂ ವ್ಯರ್ಥವಾಗುತ್ತಿತ್ತು.

ಅಬ್ಬೆ ದುಬ್ವಾ ಈ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಹರಡಲು ಶ್ರಮಿಸಿದರು. 1803–04ರಲ್ಲಿ ಅವರ ಪ್ರಯತ್ನದಿಂದ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು ಎಂದು ದಾಖಲಾಗಿದೆ. ಗುರುತಿಲ್ಲದವರು ಬಂದು ತೋಳು ಗೀರುತ್ತೇನೆಂದರೆ ಯಾರು ಒಪ್ಪುತ್ತಾರೆ? ಜನರ ನಡುವೆ ಬಾಳಿ ಗಳಿಸಿದ ನಂಬಿಕೆಯೇ ಇಲ್ಲಿ ಕೆಲಸ ಮಾಡಿರಬೇಕು ಎಂದು ನನಗನ್ನಿಸುತ್ತದೆ. ನಮ್ಮ ಜನರ ಆಚಾರಗಳ ಬಗೆಗಿನ ಪುಸ್ತಕದಿಂದಲೂ ಅವರು ಪ್ರಸಿದ್ಧರು. ಆದರೆ ಅದರ ಬಹುಭಾಗ ಕೂರ್ದೂ ಎಂಬ ಹಿಂದಿನ ಪಾದ್ರಿಯೊಬ್ಬರ ಬರಹದಿಂದ ತೆಗೆದುಕೊಂಡದ್ದೆಂದು ವಿದ್ವಾಂಸರು ತೋರಿಸಿದ್ದಾರೆ. ಅವರು 1823ರಲ್ಲಿ ಫ್ರಾನ್ಸಿಗೆ ಮರಳಿ 1848ರಲ್ಲಿ ತೀರಿಕೊಂಡರು.

ಎರಡನೆಯವರು ಹಾಲೆಂಡಿನ ವೈದ್ಯ ಯೂಜೀನ್ ದುಬ್ವಾ (1858–1940). ಇವರು 1891ರಲ್ಲಿ ಜಾವಾ ದ್ವೀಪದ ಸೋಲೋ ನದಿಯ ದಡದಲ್ಲಿ ಒಂದು ತಲೆಬುರುಡೆಯ ಮೇಲ್ಭಾಗವನ್ನು ಅಗೆಸಿ ತೆಗೆಸಿದರು. ಅದು ಆದಿಮಾನವನದು. ಇಂದು ಅವನನ್ನು ಹೋಮೋ ಇರೆಕ್ಟಸ್ ಎನ್ನುತ್ತೇವೆ.

ಮೂರನೆಯವರು ಅಮೆರಿಕದ ಕಪ್ಪು ಜನಾಂಗದ ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬಾಯ್ಸ್ (1868–1963). ಹೆಸರು ಅದೇ, ಉಚ್ಚಾರ ಮಾತ್ರ ಬೇರೆ. ತಮ್ಮ ಜನರ ಓದು, ಆಸ್ತಿ, ಉದ್ಯೋಗದ ಅಂಕಿಅಂಶಗಳನ್ನು ಬಣ್ಣದ ನಕ್ಷೆಗಳಾಗಿಸಿ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಟ್ಟರು. ಡಾ. ಅಂಬೇಡ್ಕರ್ 1946ರಲ್ಲಿ ಇವರಿಗೆ ಪತ್ರ ಬರೆದಿದ್ದರು.

ಸಿಡುಬು ಏನಾಯಿತು? ಭಾರತದಲ್ಲಿ 1975ರಲ್ಲಿ ಕೊನೆಯ ರೋಗಿ ಕಂಡುಬಂದರು. 1980ರಲ್ಲಿ ಇಡೀ ಜಗತ್ತೇ ಸಿಡುಬುಮುಕ್ತವೆಂದು ಸಾರಲಾಯಿತು.

ಮಾಡಿ ನೋಡಿ: ಅಜ್ಜ ಅಜ್ಜಿಯರ ತೋಳಿನಲ್ಲಿ ಮೈಲಿ ಹಾಕಿಸಿಕೊಂಡ ಗುರುತು ಇದೆಯೇ ಎಂದು ಕೇಳಿ. ನಿಮ್ಮ ಎಡತೋಳಿನ ಚಿಕ್ಕ ಕಲೆ ಅದಲ್ಲ; ಅದು ಕ್ಷಯರೋಗ ತಡೆಯುವ ಬಿ.ಸಿ.ಜಿ. ಲಸಿಕೆಯದು. ಹಾಗೆಯೇ ನಿಮ್ಮ ತರಗತಿಯಲ್ಲಿ ಊರು, ಕಸುಬು, ಮರಗಿಡಗಳಿಂದ ಬಂದ ಅಡ್ಡಹೆಸರು ಎಷ್ಟಿವೆ ಎಂದು ಎಣಿಸಿ, ಡು ಬಾಯ್ಸ್ ಅವರಂತೆ ಬಣ್ಣದ ನಕ್ಷೆ ಬರೆಯಿರಿ.